ಪುರುಷರ ಬಂಜೆತನ: ಮೊದಲು ಆಗಬೇಕಾದ ಪರೀಕ್ಷೆ

ಕನ್ನಡದಲ್ಲಿ 'ಬಂಜೆ' ಎಂಬ ಪದವುಂಟು. ಅದು ಹೆಣ್ಣಿಗೆ ಮಾತ್ರ ಸಲ್ಲುವ ಪದ. ಸಂತಾನವಿಲ್ಲದ ಗಂಡಸಿಗೆ ಅನ್ವಯಿಸುವಂತೆ ಅದಕ್ಕೆ ಸಮಾನವಾದ ಮಾತೊಂದನ್ನು ನಮ್ಮ ಹಿರಿಯರು ರೂಢಿಗೆ ತರಲಿಲ್ಲ. 'ಷಂಡ', 'ನಪುಂಸಕ' ಎಂಬ ಮಾತುಗಳಿವೆಯಾದರೂ ಅವು ಬೈಗುಳಗಳು. ಮೇಲಾಗಿ ಅವು ಸೂಚಿಸುವುದು ಬೇರೆಯೇ ಸಂಗತಿಯನ್ನು. ದೃಢಕಾಯನಾಗಿದ್ದು, ದಾಂಪತ್ಯ ನಡೆಸಲು ಪೂರ್ಣ ಸಮರ್ಥನಾಗಿದ್ದು, ಆದರೂ ವೀರ್ಯದಲ್ಲಿ ವೀರ್ಯಾಣುಗಳು ಸಾಲದೆ ಮಕ್ಕಳಾಗದಿರುವ ಗಂಡಸನ್ನು ಕುರಿತು ಹೇಳಲು ಮರ್ಯಾದೆಯ ಮಾತೊಂದು ಭಾಷೆಯಲ್ಲೇ ಇಲ್ಲ. ಹೆಸರಿಲ್ಲದ ಕಾಯಿಲೆಯನ್ನು ಹೊತ್ತು ವೈದ್ಯರ ಬಳಿಗೆ ಹೋಗುವವರಾದರೂ ಯಾರು?

ಡೊಂಬಿವಲಿಯ ಎರಡು ಕೋಣೆಗಳ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಗಂಡನಿಗೆ ಮೂವತ್ತಾರು, ಹೆಂಡತಿಗೆ ಮೂವತ್ತೆರಡು. ಮದುವೆಯಾಗಿ ಐದು ವರ್ಷ. ಮೊದಲ ವರ್ಷ ಯಾರೂ ಏನನ್ನೂ ಕೇಳಲಿಲ್ಲ. ಎರಡನೆಯ ವರ್ಷದಿಂದ ಊರಿನ ಫೋನು ಬಂದಾಗಲೆಲ್ಲ ಅತ್ತೆಯವರು "ಏನಾದರೂ ವಿಶೇಷ ಉಂಟೋ?" ಎಂದು ವಿಚಾರಿಸತೊಡಗಿದರು. ಮೂರನೆಯ ವರ್ಷ ಜಾತಕ ತೋರಿಸಿ, ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ ಬಂದದ್ದಾಯಿತು. ಅನಂತರ ಸ್ತ್ರೀರೋಗ ತಜ್ಞೆಯ ಬಳಿ ಹೆಂಡತಿಯ ಹೆಸರಿನಲ್ಲಿ ಒಂದು ಫೈಲು ತೆರೆಯಿತು. ರಕ್ತಪರೀಕ್ಷೆಗಳು, ತಿಂಗಳಿಗೆ ನಾಲ್ಕಾರು ಬಾರಿ ಸ್ಕ್ಯಾನ್, ಬಣ್ಣದ ದ್ರವ ಹಾಯಿಸಿ ಗರ್ಭನಾಳಗಳ ಎಕ್ಸ್-ರೇ, ಕೊನೆಗೆ ಅರಿವಳಿಕೆ ಕೊಟ್ಟು ಹೊಟ್ಟೆಯೊಳಗೆ ದುರ್ಬೀನು ಇಳಿಸಿ ನೋಡುವ ಲ್ಯಾಪ್ರೊಸ್ಕೋಪಿ. ಎಲ್ಲವೂ ಸರಿಯಾಗಿದೆಯೆಂಬ ವರದಿಗಳು. ವೈದ್ಯೆ ಪ್ರತಿ ಭೇಟಿಯಲ್ಲಿಯೂ ಗಂಡನ ವೀರ್ಯಪರೀಕ್ಷೆಯ ಮಾತೆತ್ತುತ್ತಿದ್ದರು. ಆತ ಪ್ರತಿ ಸಲವೂ "ಮುಂದಿನ ವಾರ ನೋಡೋಣ, ಈಗ ಆಫೀಸಿನಲ್ಲಿ ಆಡಿಟ್ ನಡೆದಿದೆ" ಎಂದು ಹೊರಗಿನ ಬೆಂಚಿನಲ್ಲಿ ಕುಳಿತು ಪತ್ರಿಕೆ ಬಿಡಿಸುತ್ತಿದ್ದ. ಐದನೆಯ ವರ್ಷದಲ್ಲಿ, ಬೇರೆ ದಾರಿಯಿಲ್ಲದೆ, ಮಾದರಿ ಕೊಟ್ಟ. ಮರುದಿನ ಬಂದ ವರದಿ: ಒಂದು ಮಿಲಿಲೀಟರಿಗೆ 60 ಲಕ್ಷ ವೀರ್ಯಾಣುಗಳು. ಇರಬೇಕಾದುದರ ಅರ್ಧಕ್ಕಿಂತ ಕಡಿಮೆ.

ದಂಪತಿ ಕಲ್ಪಿತರೇ ಆದರೂ ಕಥೆಯಲ್ಲಿ ಉತ್ಪ್ರೇಕ್ಷೆಯಿಲ್ಲವೆಂಬುದನ್ನು ಬಂಜೆತನದ ಚಿಕಿತ್ಸಾಲಯಗಳ ಹಜಾರದಲ್ಲಿ ಒಂದು ಮುಂಜಾನೆ ಕುಳಿತವರು ಯಾರೂ ಒಪ್ಪುತ್ತಾರೆ. ಜಂಟಿ ಖಾತೆಯಲ್ಲಿ ಹಣ ಏಕೆ ಉಳಿಯುತ್ತಿಲ್ಲವೆಂದು ಶೋಧಿಸ ಹೊರಟವರು ಇಬ್ಬರಲ್ಲಿ ಒಬ್ಬರ ಚೆಕ್ಕುಗಳನ್ನಷ್ಟೇ ಐದು ವರ್ಷ ತಿರುವಿ ಹಾಕುತ್ತಿದ್ದರೆ ಅದನ್ನು ಲೆಕ್ಕಪರಿಶೋಧನೆ ಎಂದು ಯಾರೂ ಕರೆಯಲಾರರು. ಅದರಲ್ಲಿಯೂ, ಎರಡು ಪರೀಕ್ಷೆಗಳಲ್ಲಿ ಅಗ್ಗವಾದುದು, ನೋವಿಲ್ಲದುದು, ಅರ್ಧ ದಿನದಲ್ಲಿ ಮುಗಿಯುವಂಥದು ಗಂಡಸಿನದು. ಮೊದಲು ಆಗಬೇಕಾದ ಆ ಪರೀಕ್ಷೆಯೇ ನಮ್ಮಲ್ಲಿ ಕಟ್ಟಕಡೆಗೆ ಆಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಶೇಕಡಾ 17.5ರಷ್ಟು ಮಂದಿ, ಎಂದರೆ ಸುಮಾರು ಆರರಲ್ಲೊಬ್ಬರು, ಜೀವಮಾನದಲ್ಲಿ ಎಂದಾದರೊಮ್ಮೆ ಈ ತೊಂದರೆಯನ್ನು ಅನುಭವಿಸುತ್ತಾರೆ. ಗರ್ಭನಿರೋಧಕ ಉಪಾಯಗಳನ್ನು ಬಳಸದೆ, ನಿಯಮಿತವಾಗಿ ದಾಂಪತ್ಯ ನಡೆಸಿ, ಹನ್ನೆರಡು ತಿಂಗಳಾದರೂ ಗರ್ಭ ನಿಲ್ಲದಿದ್ದರೆ ವೈದ್ಯಶಾಸ್ತ್ರ ಅದನ್ನು ಬಂಜೆತನವೆಂದು ಪರಿಗಣಿಸುತ್ತದೆ. ಹೆಂಡತಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳು ಕಾದರೆ ಸಾಕು. ಇಂತಹ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಸಿನ ದೋಷ ಒಂಟಿಯಾಗಿಯೋ ಹೆಂಗಸಿನ ದೋಷದ ಜೊತೆಗೂಡಿಯೋ ಇದ್ದೇ ಇರುತ್ತದೆ. ಗಂಡಸು ಪರೀಕ್ಷೆಯನ್ನು ಮುಂದೂಡಿದಷ್ಟೂ ಕಳೆದುಹೋಗುವುದು ಬಹುಮಟ್ಟಿಗೆ ಹೆಂಡತಿಯ ವರ್ಷಗಳು. ಅಂಡಾಣುಗಳ ಸಂಖ್ಯೆಯೂ ಗುಣವೂ ಮೂವತ್ತೈದರ ಅನಂತರ ವೇಗವಾಗಿ ಇಳಿಯುತ್ತವೆ. ಅವು ಯಾರ ಆಡಿಟ್ ಮುಗಿಯುವವರೆಗೂ ಕಾಯುವುದಿಲ್ಲ.

ಪುರುಷರ ಹಿಂಜರಿಕೆಗೆ ಮೂಲವಾದ ತಪ್ಪು ತಿಳಿವಳಿಕೆ ಒಂದೇ. ಲೈಂಗಿಕ ಸಾಮರ್ಥ್ಯ ಬೇರೆ, ಸಂತಾನಶಕ್ತಿ ಬೇರೆ. ಎರಡನ್ನೂ ಒಂದೆಂದು ಭಾವಿಸಿರುವುದರಿಂದಲೇ ವೀರ್ಯದ ಪರೀಕ್ಷೆ ಗಂಡಸುತನದ ಪರೀಕ್ಷೆಯಾಗಿ ತೋರುತ್ತದೆ. ವಸ್ತುಸ್ಥಿತಿ ಹೀಗಿದೆ: ಹೊರಬರುವ ವೀರ್ಯದ ಬಹುಪಾಲು ವೀರ್ಯಕೋಶಗಳಿಂದ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ ಒಸರಿದ ದ್ರವ. ವೃಷಣಗಳಲ್ಲಿ ಹುಟ್ಟಿದ ವೀರ್ಯಾಣುಗಳ ಪಾಲು ನೂರಕ್ಕೆ ಎರಡರಿಂದ ಐದು ಮಾತ್ರ. ಕುಟುಂಬಯೋಜನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣುವಿಲ್ಲದಿದ್ದರೂ ಕಣ್ಣಿಗೆ ಅದು ಮೊದಲಿನಂತೆಯೇ ಕಾಣುವುದು ಇದೇ ಕಾರಣದಿಂದ. ಆದುದರಿಂದ ವೀರ್ಯ ಗಟ್ಟಿಯೋ ತೆಳುವೋ, ಹೆಚ್ಚೋ ಕಡಿಮೆಯೋ ಎಂದು ನೋಡಿ ಯಾರೂ ತೀರ್ಮಾನಕ್ಕೆ ಬರುವಂತಿಲ್ಲ. ಸೂಕ್ಷ್ಮದರ್ಶಕವೊಂದೇ ಸಾಕ್ಷಿ.

'ಧಾತು ಹೋಗುತ್ತದೆ' ಎಂಬ ಹೆದರಿಕೆಯೂ ಇದೇ ಕುಟುಂಬದ್ದು. ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲಿ ಈ ಭೀತಿಗೆ 'ಧಾತ್ ಸಿಂಡ್ರೋಮ್' ಎಂಬ ಹೆಸರನ್ನಿತ್ತರು. ಒಂದು ತೊಟ್ಟು ವೀರ್ಯವೆಂದರೆ ನಲವತ್ತು ತೊಟ್ಟು ರಕ್ತವೆಂಬ ನಂಬಿಕೆಯಲ್ಲಿ ಬೆಳೆದ ಹುಡುಗರು ಸ್ವಪ್ನಸ್ಖಲನವನ್ನು ರೋಗವೆಂದೂ, ಮೂತ್ರದ ಬಣ್ಣವನ್ನು ವೀರ್ಯನಷ್ಟವೆಂದೂ ತಿಳಿದು ಕೊರಗುತ್ತಾರೆ. ಊರು ಬಿಟ್ಟು ಬಂದು ಹತ್ತು ಜನರೊಡನೆ ಒಂದೇ ಕೋಣೆಯಲ್ಲಿ ಮಲಗುವ ಎಳೆಯರಲ್ಲಿ, ಕೇಳಲು ಹಿರಿಯರಿಲ್ಲದುದರಿಂದ, ಈ ಕೊರಗು ಇನ್ನೂ ಹೆಚ್ಚು. ಆರೋಗ್ಯವಂತನ ದೇಹ ಪ್ರತಿ ಸೆಕೆಂಡಿಗೆ ಸಾವಿರದಷ್ಟು ವೀರ್ಯಾಣುಗಳನ್ನು ಹಗಲಿರುಳೂ ತಯಾರಿಸುತ್ತಲೇ ಇರುತ್ತದೆ. ಕೂಡಿಟ್ಟು ಉಳಿಸುವ ಠೇವಣಿ ಅದಲ್ಲ. ಹಿಂದಿನ ತಲೆಮಾರಿನಲ್ಲಿ ಡಾ. ಅನುಪಮಾ ನಿರಂಜನರ 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳು ಕನ್ನಡಿಗರಿಗೆ ಇಂತಹ ವಿಷಯಗಳನ್ನು ಸಂಕೋಚವಿಲ್ಲದೆ ಬಿಡಿಸಿ ಹೇಳಿದ್ದವು. ಮಹಾನಗರಗಳಲ್ಲಿ ಬೆಳೆದು ಕನ್ನಡ ಓದಲಾರದ ಮಕ್ಕಳಿಗೆ ಆ ದೀಪವೂ ಇಲ್ಲವಾಯಿತು.

ವೃಷಣಗಳು ದೇಹದೊಳಗಿರದೆ ಹೊರಗಿನ ಚೀಲದಲ್ಲಿ ತೂಗುತ್ತಿರುವುದು ಸುಮ್ಮನೆ ಅಲ್ಲ. ವೀರ್ಯಾಣುಗಳ ಉತ್ಪತ್ತಿಗೆ ದೇಹದ ಉಷ್ಣತೆಗಿಂತ ಎರಡರಿಂದ ನಾಲ್ಕು ಡಿಗ್ರಿಯಷ್ಟು ತಂಪು ಬೇಕು. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎಪ್ಪತ್ತು ದಿನಗಳು, ಅಲ್ಲಿಂದ ನಾಳಗಳಲ್ಲಿ ಸಾಗಿ ಪಕ್ವವಾಗಲು ಇನ್ನೂ ಒಂದೆರಡು ವಾರಗಳು ಹಿಡಿಯುತ್ತವೆ. ಎಂದರೆ ಈ ದಿನದ ವರದಿ ಹೇಳುವುದು ಮೂರು ತಿಂಗಳ ಹಿಂದಿನ ಸಮಾಚಾರವನ್ನು. ಮಳೆಗಾಲದಲ್ಲಿ ಮಲೇರಿಯಾ ಅಥವಾ ಡೆಂಗಿ ಜ್ವರ ಬಂದು ಹೋದವನ ವರದಿ ಗಣೇಶ ಚೌತಿಯ ಹೊತ್ತಿಗೆ ಕೆಟ್ಟಿದ್ದು, ದೀಪಾವಳಿ ಕಳೆದ ಮೇಲೆ ತಾನಾಗಿ ಸುಧಾರಿಸಿರಬಹುದು. ಒಂದೇ ವರದಿಯನ್ನು ನಂಬಿ ಕಂಗೆಡಬಾರದೆಂದು ತಜ್ಞರು ಹೇಳುವುದೂ, ಯಾವ ಚಿಕಿತ್ಸೆಯ ಫಲವನ್ನೂ ಮೂರು ತಿಂಗಳಿಗೆ ಮೊದಲು ಅಳೆಯದಿರುವುದೂ ಈ ಕಾರಣಕ್ಕೆ.

ಮುಂಬಯಿ, ಪುಣೆಗಳ ಕನ್ನಡಿಗರಲ್ಲಿ ಹೋಟೆಲು ಉದ್ಯಮದವರು ಬಹಳ. ದೋಸೆಯ ಕಾವಲಿಯ ಮುಂದೆ, ಭಟ್ಟಿಯ ಮುಂದೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಲ್ಲುವವನ ಸೊಂಟದ ಮಟ್ಟಕ್ಕೇ ಬೆಂಕಿಯ ಕಾವು ತಾಗುತ್ತದೆ. ಸತತವಾಗಿ ಶಾಖಕ್ಕೆ ಒಡ್ಡಿಕೊಂಡು ದುಡಿಯುವವರಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆಗಳು ಕುಂದಬಹುದೆಂದು ಹಲವು ಅಧ್ಯಯನಗಳು ಸೂಚಿಸಿವೆ. ಎಲ್ಲ ಭಟ್ಟರಿಗೂ ಹೀಗಾಗುತ್ತದೆಂದಲ್ಲ. ಹೋಟೆಲಿನ ಒಲೆಯ ಮುಂದೆ ಬದುಕು ಸವೆಸಿ ಐದಾರು ಮಕ್ಕಳನ್ನು ಸಾಕಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಮಕ್ಕಳಿಗಾಗಿ ಹಂಬಲಿಸುವವನಿಗೆ ಆರು ತಿಂಗಳ ಮಟ್ಟಿಗಾದರೂ ಒಲೆಯಿಂದ ಕೌಂಟರಿಗೆ ಕೆಲಸ ಬದಲಿಸಿಕೊಡುವುದು ಮಾಲಿಕನಿಗೆ ಅಸಾಧ್ಯವೇನೂ ಅಲ್ಲ. ಬೀಡಿ ಸಿಗರೇಟು, ಗುಟ್ಕಾ, ಅತಿಯಾದ ಮದ್ಯ, ಬೊಜ್ಜು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇವೆಲ್ಲವೂ ಹಾನಿಯನ್ನೇ ಮಾಡುತ್ತವೆ. ವ್ಯಾಯಾಮಶಾಲೆಗಳಲ್ಲಿ ಮೈಕಟ್ಟಿಗೆಂದು ಚುಚ್ಚುವ ಸ್ಟೆರಾಯ್ಡುಗಳ ವಿಚಾರ ಮುಂದೆ ಬರಲಿದೆ.

ಇನ್ನೊಂದು ಕಾರಣ ಯಾವ ಪ್ರಯೋಗಶಾಲೆಯ ವರದಿಯಲ್ಲಿಯೂ ಕಾಣುವುದಿಲ್ಲ. ತಿಂಗಳಿನಲ್ಲಿ ಗರ್ಭ ನಿಲ್ಲಲು ಸಾಧ್ಯವಿರುವುದು ಆರು ದಿನಗಳು ಮಾತ್ರ: ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನಗಳು. ಇಪ್ಪತ್ತೆಂಟು ದಿನಗಳ ಋತುಚಕ್ರದಲ್ಲಿ ಇದು ಸುಮಾರಾಗಿ ಒಂಬತ್ತನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಬೀಳುತ್ತದೆ. ಹೆಂಡತಿಯನ್ನು ಊರಿನಲ್ಲಿ ತಂದೆತಾಯಿಗಳ ಬಳಿ ಬಿಟ್ಟು, ವರ್ಷಕ್ಕೊಮ್ಮೆ ಹದಿನೈದು ದಿನಗಳ ರಜೆಯಲ್ಲಿ ಹೋಗಿ ಬರುವವನ ರಜೆ ಆ ಆರು ದಿನಗಳಿಗೆ ತಾಳೆಯಾಗದೆ ಹೋಗಬಹುದು. ಮದುವೆಯಾಗಿ ಆರು ವರ್ಷವಾಯಿತೆಂದು ಊರಿನವರು ಎಣಿಸುತ್ತಾರೆ. ಒಟ್ಟಿಗೆ ಕಳೆದ ದಿನಗಳನ್ನು ಕೂಡಿಸಿದರೆ ಮೂರು ತಿಂಗಳು ಆಗಿರುವುದಿಲ್ಲ. ಅಷ್ಟರಲ್ಲಿ ಆ ಹೆಣ್ಣುಮಗಳಿಗೆ ಹೆಸರು ಅಂಟಿರುತ್ತದೆ. ನಗರದಲ್ಲಿ ಜೊತೆಗೇ ಇರುವವರ ಪಾಡೂ ಪೂರ್ಣ ಸುಖದ್ದಲ್ಲ. ಆರೂವರೆಯ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಗಂಡ, ಪಾಳಿಯಲ್ಲಿ ದುಡಿಯುವ ಹೆಂಡತಿ, ಒಂದೇ ಕೋಣೆಯಲ್ಲಿ ಮಾವ, ನಾದಿನಿ, ಮೈದುನರು. ಏಕಾಂತವಿಲ್ಲದ ಮನೆಯಲ್ಲಿ ಸಂತಾನವಾಗಲಿಲ್ಲವೆಂದು ಔಷಧ ನುಂಗಿಸುವುದಕ್ಕೆ ಮೊದಲು ಇದನ್ನು ಕೇಳುವ ವೈದ್ಯರೇ ಒಳ್ಳೆಯ ವೈದ್ಯರು.

ಸರಿಯಾದ ತಪಾಸಣೆ ಆರಂಭವಾಗುವುದೇ ಇಂತಹ ಪ್ರಶ್ನೆಗಳಿಂದ. ಎಷ್ಟು ಕಾಲದಿಂದ ಜೊತೆಗಿದ್ದೀರಿ, ಸಮಾಗಮ ಸರಿಯಾಗಿ ನಡೆಯುತ್ತಿದೆಯೇ (ಮದುವೆಯಾಗಿ ಎರಡು ವರ್ಷವಾದರೂ ಅದು ನಡೆದೇ ಇಲ್ಲದ ದಂಪತಿಗಳುಂಟು), ಬಾಲ್ಯದಲ್ಲಿ ವೃಷಣ ಕೆಳಗಿಳಿಯದೆ ಶಸ್ತ್ರಚಿಕಿತ್ಸೆಯಾಗಿತ್ತೇ, ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣಗಳು ಊದಿದ್ದುವೇ, ಹರ್ನಿಯಾ ಆಪರೇಷನ್ ಆಗಿದೆಯೇ, ಯಾವ ಗುಳಿಗೆಗಳನ್ನು ನುಂಗುತ್ತಿದ್ದೀರಿ. ಕೆಲವೊಮ್ಮೆ ವೈದ್ಯರು "ಮಲ್ಲಿಗೆಯ ಪರಿಮಳ ತಿಳಿಯುತ್ತದೆಯೇ?" ಎಂದು ಕೇಳುವುದೂ ಉಂಟು. ಅದು ಹುಡುಗಾಟವಲ್ಲ. ಹುಟ್ಟಿನಿಂದಲೇ ವಾಸನೆಯ ಅರಿವಿಲ್ಲದಿರುವುದೂ ವೃಷಣಗಳು ಬೆಳೆಯದಿರುವುದೂ ಜೊತೆಗೂಡಿ ಬರುವ ಕಾಲ್ಮನ್ ಸಿಂಡ್ರೋಮ್ ಎಂಬ ಅಪರೂಪದ ಸ್ಥಿತಿಯೊಂದಿದೆ. ಪತ್ತೆಯಾದರೆ ಅದು ಚುಚ್ಚುಮದ್ದಿನಿಂದ ಗುಣ ಕಾಣುವಂಥದು.

ಪ್ರಶ್ನೆಗಳಾದ ಮೇಲೆ ದೇಹಪರೀಕ್ಷೆ, ಅನಂತರ ವೀರ್ಯಪರೀಕ್ಷೆ. ಎರಡರಿಂದ ಏಳು ದಿನಗಳ ಬ್ರಹ್ಮಚರ್ಯದ ತರುವಾಯ ಮಾದರಿ ಕೊಡಬೇಕು. ಪ್ರಯೋಗಶಾಲೆಯಲ್ಲಿಯೇ ಇದಕ್ಕಾಗಿ ಮೀಸಲಾದ ಕೋಣೆಯಲ್ಲಿ ಹಸ್ತಮೈಥುನದಿಂದ ಶುದ್ಧವಾದ ಡಬ್ಬಿಯಲ್ಲಿ ಸಂಗ್ರಹಿಸುವುದು ಉತ್ತಮ. ಮನೆಯಲ್ಲಿ ಸಂಗ್ರಹಿಸಿದರೆ ಒಂದು ಗಂಟೆಯೊಳಗೆ, ಮೈಯ ಬೆಚ್ಚಗಿನ ಶಾಖದಲ್ಲಿಯೇ, ತಲುಪಿಸಬೇಕು. ಅಂಬರನಾಥದಿಂದ ದಾದರಿಗೆ ಹೊರಟವನಿಗೆ ಇದು ಆಗುವ ಮಾತಲ್ಲ. ಸಾಧಾರಣ ನಿರೋಧ್ ಬಳಸಕೂಡದು. ಮೊದಲ ತೊಟ್ಟುಗಳು ಹೊರಗೆ ಚೆಲ್ಲಿದ್ದರೆ ನಾಚಿಕೊಳ್ಳದೆ ಹೇಳಬೇಕು, ಏಕೆಂದರೆ ವೀರ್ಯಾಣುಗಳು ಹೆಚ್ಚಾಗಿರುವುದು ಅವುಗಳಲ್ಲಿಯೇ.

ವರದಿಯ ಅಂಕಿಗಳನ್ನು ಓದುವ ರೀತಿಯೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ 1980ರಲ್ಲಿ ಮೊದಲು ಹೊರಬಂದು, 2021ರಲ್ಲಿ ಆರನೆಯ ಆವೃತ್ತಿ ಕಂಡಿತು. ಅದರಂತೆ ಕೆಳಗಿನ ಮಿತಿಗಳೆಂದರೆ: ಪ್ರಮಾಣ 1.4 ಮಿಲಿಲೀಟರು, ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳು, ಒಟ್ಟು 3 ಕೋಟಿ 90 ಲಕ್ಷ, ಚಲಿಸುವವು ಶೇಕಡಾ 42, ಮುಂದಕ್ಕೆ ಈಜುವವು ಶೇಕಡಾ 30, ಸಹಜಾಕೃತಿಯವು ಶೇಕಡಾ 4. 'ಸಹಜಾಕೃತಿ ಶೇಕಡಾ 5' ಎಂಬ ಸಾಲನ್ನು ಓದಿ ನೂರರಲ್ಲಿ ತೊಂಬತ್ತೈದು ಕೆಟ್ಟವೆಂದು ರಾತ್ರಿಯೆಲ್ಲ ನಿದ್ದೆಗೆಟ್ಟವರಿದ್ದಾರೆ. ಅದು ಸಹಜವಾದ ವರದಿ. ಈ ಮಿತಿಗಳನ್ನು ಕಂಡುಕೊಂಡದ್ದು ಒಂದು ವರ್ಷದೊಳಗೆ ತಂದೆಯಾಗುವ ಯೋಗ ಪಡೆದ ಗಂಡಸರ ವೀರ್ಯವನ್ನು ಪರೀಕ್ಷಿಸಿ. ಅವರಲ್ಲಿಯೂ ನೂರಕ್ಕೆ ಐವರ ಅಂಕಿಗಳು ಇವಕ್ಕಿಂತ ಕೆಳಗಿದ್ದವು. ಆದುದರಿಂದ ಇದು ಪಾಸು-ನಪಾಸಿನ ಗೆರೆಯಲ್ಲ. ಕೆಳಗಿದ್ದರೆ ಕಷ್ಟ ಹೆಚ್ಚು, ಅಸಾಧ್ಯವೆಂದಲ್ಲ. ಮೇಲಿದ್ದರೆ ಖಾತರಿಯೂ ಅಲ್ಲ.

ಡೊಂಬಿವಲಿಯ ಗೃಹಸ್ಥನ ಎರಡನೆಯ ವರದಿಯೂ ಮೊದಲಿನಂತೆಯೇ ಬಂತೆನ್ನೋಣ. ಆತನನ್ನು ನಿಲ್ಲಿಸಿ, ಉಸಿರು ಬಿಗಿಹಿಡಿಸಿ ಪರೀಕ್ಷಿಸಿದ ಮೂತ್ರಾಂಗ ತಜ್ಞರಿಗೆ ಎಡ ವೃಷಣದ ಮೇಲ್ಭಾಗದಲ್ಲಿ ಎರೆಹುಳುಗಳ ಗಂಟಿನಂತೆ ಊದಿಕೊಂಡ ರಕ್ತನಾಳಗಳು ಕೈಗೆ ಸಿಕ್ಕವು. ಇದೇ ವೆರಿಕೋಸೀಲ್. ಎಡಗಡೆಯ ಅಶುದ್ಧರಕ್ತನಾಳ ಮೂತ್ರಪಿಂಡದ ನಾಳವನ್ನು ಲಂಬಕೋನದಲ್ಲಿ ಸೇರುವುದರಿಂದ ರಕ್ತ ಅಲ್ಲಿ ತಡೆದು ನಿಲ್ಲುತ್ತದೆ, ವೃಷಣದ ಶಾಖ ಏರುತ್ತದೆ. ಎಲ್ಲ ಗಂಡಸರಲ್ಲಿ ನೂರಕ್ಕೆ ಹದಿನೈದು ಮಂದಿಗೆ ಇದು ಇರುತ್ತದೆ. ಬಂಜೆತನಕ್ಕಾಗಿ ಬಂದವರಲ್ಲಿ ನೂರಕ್ಕೆ ಮೂವತ್ತೈದರಿಂದ ನಲವತ್ತು. ಬಹುಮಂದಿಗೆ ನೋವಿಲ್ಲ, ಆದುದರಿಂದ ಅರಿವೂ ಇಲ್ಲ. ಕೈಗೆ ಸಿಗುವಷ್ಟು ದೊಡ್ಡದಿದ್ದು, ವೀರ್ಯವೂ ಕೆಟ್ಟಿದ್ದರೆ ಸೂಕ್ಷ್ಮದರ್ಶಕದ ಸಹಾಯದಿಂದ ಆ ನಾಳಗಳನ್ನು ಕಟ್ಟುವ ಶಸ್ತ್ರಚಿಕಿತ್ಸೆ ಹಲವರಿಗೆ ಫಲ ಕೊಡುತ್ತದೆ. ಮೂರರಿಂದ ಆರು ತಿಂಗಳಲ್ಲಿ ಸುಧಾರಣೆ ತಿಳಿಯಬೇಕು. ಸ್ಕ್ಯಾನಿನಲ್ಲಿ ಮಾತ್ರ ಕಾಣುವ, ಕೈಗೆ ಸಿಗದ ಪುಟ್ಟ ಊತಕ್ಕೆ ಶಸ್ತ್ರಚಿಕಿತ್ಸೆ ಅನಾವಶ್ಯಕ. ಐದು ವರ್ಷ ಹೆಂಡತಿಯ ಹೊಟ್ಟೆಯಲ್ಲಿ ಹುಡುಕಿದುದು ಗಂಡನ ದೇಹದಲ್ಲಿ ಎರಡು ನಿಮಿಷದ ಪರೀಕ್ಷೆಗೆ ಸಿಕ್ಕಿತು.

ವೀರ್ಯಾಣುಗಳು ತೀರ ಕಡಿಮೆಯಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ರಕ್ತದಲ್ಲಿ ಎಫ್.ಎಸ್.ಎಚ್., ಟೆಸ್ಟೊಸ್ಟಿರೋನ್ ಮೊದಲಾದ ಹಾರ್ಮೋನುಗಳನ್ನು ಅಳೆಯುತ್ತಾರೆ. ವರ್ಣತಂತುಗಳ ಪರೀಕ್ಷೆಯನ್ನೂ ಮಾಡಿಸುತ್ತಾರೆ. ವೀರ್ಯದಲ್ಲಿ ಒಂದೂ ವೀರ್ಯಾಣುವಿಲ್ಲದ ಸ್ಥಿತಿ ಗಂಡಸರಲ್ಲಿ ನೂರಕ್ಕೊಬ್ಬರಿಗೆ ಉಂಟು. ಅದರಲ್ಲಿ ಎರಡು ಬಗೆ. ಕಾರ್ಖಾನೆ ನಡೆಯುತ್ತಿದ್ದು ರಸ್ತೆ ಮುಚ್ಚಿರುವುದು ಒಂದು. ಕಾರ್ಖಾನೆಯೇ ನಿಂತಿರುವುದು ಇನ್ನೊಂದು. ಮೊದಲನೆಯದರಲ್ಲಿ ತಡೆಯನ್ನು ನಿವಾರಿಸಬಹುದು, ಇಲ್ಲವೇ ಸೂಜಿಯಿಂದ ವೀರ್ಯಾಣುಗಳನ್ನು ನೇರವಾಗಿ ತೆಗೆಯಬಹುದು. ಎರಡನೆಯದರಲ್ಲಿಯೂ, ಸೂಕ್ಷ್ಮದರ್ಶಕದ ಕೆಳಗೆ ವೃಷಣವನ್ನು ತೆರೆದು ಹುಡುಕಿದರೆ ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ ಅಲ್ಲೊಂದು ಇಲ್ಲೊಂದು ಸಿಗುವುದುಂಟು. ವೈ ವರ್ಣತಂತುವಿನ ಕೆಲವು ಭಾಗಗಳು ಲೋಪವಾಗಿದ್ದರೆ ಏನೂ ಸಿಗುವುದಿಲ್ಲವೆಂದು ಮೊದಲೇ ತಿಳಿಯುತ್ತದೆ. ವ್ಯರ್ಥ ಶಸ್ತ್ರಚಿಕಿತ್ಸೆ ತಪ್ಪುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ವೀರ್ಯಾಣು ಕಡಿಮೆಯೆಂದು ಕೇಳಿದೊಡನೆ 'ಗಂಡು ಹಾರ್ಮೋನು' ಚುಚ್ಚಿಸಿಕೊಳ್ಳುವವರಿದ್ದಾರೆ, ಚುಚ್ಚುವವರೂ ಇದ್ದಾರೆ. ಹೊರಗಿನಿಂದ ಟೆಸ್ಟೊಸ್ಟಿರೋನ್ ಸೇರಿದರೆ ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯು ಸಾಕಷ್ಟು ಸರಕಿದೆಯೆಂದು ತಿಳಿದು ವೃಷಣಗಳಿಗೆ ಕಳುಹಿಸುವ ಆಜ್ಞೆಯನ್ನು ನಿಲ್ಲಿಸಿಬಿಡುತ್ತದೆ. ಫಲವಾಗಿ ಇದ್ದ ವೀರ್ಯಾಣುಗಳೂ ಇಲ್ಲವಾಗುತ್ತವೆ. ವ್ಯಾಯಾಮಶಾಲೆಯ ಸ್ಟೆರಾಯ್ಡುಗಳು ಮಾಡುವುದೂ ಇದನ್ನೇ. ನಿಲ್ಲಿಸಿದ ಮೇಲೆ ಬಹುಮಂದಿಗೆ ಚೇತರಿಕೆಯಾಗುತ್ತದೆ, ಆದರೆ ಅದಕ್ಕೆ ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ. ಬಣ್ಣಬಣ್ಣದ ಪೆಟ್ಟಿಗೆಗಳಲ್ಲಿ ಮಾರುವ ವಿಟಮಿನ್ ಗುಳಿಗೆಗಳಿಂದ ಮಕ್ಕಳಾಗುತ್ತವೆಂಬುದಕ್ಕೂ ಗಟ್ಟಿಯಾದ ಆಧಾರ ದೊರೆತಿಲ್ಲ.

ಈ ಚಿಕಿತ್ಸೆಯ ಚರಿತ್ರೆಯ ಒಂದು ಅಧ್ಯಾಯ ನಡೆದದ್ದು ಮುಂಬಯಿಯ ಪರೇಲಿನಲ್ಲಿಯೇ. ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಮೊದಲ ಪ್ರನಾಳ ಶಿಶು ಜನಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು. ಅವರನ್ನು ಆಗ ಯಾರೂ ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರ ಆಗಸ್ಟ್ 6ರಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಮತ್ತೊಂದು ಪ್ರನಾಳ ಶಿಶು ಹುಟ್ಟಿತು. ಅದಕ್ಕೆ ವಿಜ್ಞಾನದ ಬೆಂಬಲವಿತ್ತವರು ಡಾ. ಟಿ. ಸಿ. ಆನಂದಕುಮಾರರು. ಮುಂದೆ 1997ರಲ್ಲಿ ಕಲಕತ್ತೆಯ ದಾಖಲೆಗಳನ್ನು ಓದಿ, ಮೊದಲಿಗರು ತಾವಲ್ಲ, ಮುಖ್ಯೋಪಾಧ್ಯಾಯರು ಎಂದು ಬಹಿರಂಗವಾಗಿ ಸಾರಿದವರೂ ಅವರೇ. ಅಂಥ ಮನಸ್ಸು ಎಲ್ಲ ಕ್ಷೇತ್ರಗಳಲ್ಲಿಯೂ ಅಪರೂಪ.

ಆದರೆ ಪ್ರನಾಳ ಶಿಶುವಿನ ವಿಧಾನ ಮುಖ್ಯವಾಗಿ ನೆರವಾದದ್ದು ಗರ್ಭನಾಳ ಮುಚ್ಚಿದ ಹೆಂಗಸರಿಗೆ. ಗಂಡಸಿನ ಪಾಲಿಗೆ ಬಾಗಿಲು ತೆರೆದದ್ದು 1992ರಲ್ಲಿ, ಬೆಲ್ಜಿಯಮಿನ ಬ್ರಸೆಲ್ಸ್ ನಗರದ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸಿ ಗರ್ಭಧಾರಣೆ ಸಾಧಿಸಿದಾಗ. ಇದನ್ನು ಇಕ್ಸಿ ಎನ್ನುತ್ತಾರೆ. ಕೋಟಿಗಳ ಲೆಕ್ಕ ಹೋಗಿ ಒಂದು ಸಾಕೆಂದಾಯಿತು. ಆದರೂ ಚುಚ್ಚುಮದ್ದು, ಅಂಡಾಣು ತೆಗೆಯುವ ಶಸ್ತ್ರಕ್ರಿಯೆ ಮುಂತಾದ ಕಷ್ಟವೆಲ್ಲ ಬೀಳುವುದು ಹೆಂಡತಿಯ ಮೈಮೇಲೆಯೇ, ಖರ್ಚೂ ಲಕ್ಷಗಳಲ್ಲಿ, ಯಶಸ್ಸು ಪ್ರತಿ ಸಲವೂ ಖಂಡಿತವಲ್ಲ. ಗಂಡನ ದೋಷವನ್ನು ಗಂಡನಲ್ಲಿಯೇ ಸರಿಪಡಿಸಲು ಸಾಧ್ಯವಿದ್ದರೆ ಮೊದಲು ಅದನ್ನು ಮಾಡುವುದು ನ್ಯಾಯ.

ಏನೂ ಸಾಧ್ಯವಾಗದಾಗ ದಾನಿಯ ವೀರ್ಯ ಅಥವಾ ದತ್ತಕ. ವಿಚಿತ್ರವೀರ್ಯನು ಇಬ್ಬರು ರಾಣಿಯರಿದ್ದೂ ಮಕ್ಕಳಿಲ್ಲದೆ ಕ್ಷಯದಿಂದ ತೀರಿಕೊಂಡ. ಅದೇ ಅಂಬಿಕೆ, ಅಂಬಾಲಿಕೆಯರು ವ್ಯಾಸರಿಂದ ಧೃತರಾಷ್ಟ್ರ, ಪಾಂಡುಗಳನ್ನು ಹೆತ್ತರು. ದೋಷ ಯಾರದಿತ್ತೆಂಬುದನ್ನು ಮಹಾಭಾರತ ಮುಚ್ಚಿಡಲಿಲ್ಲ. ನಾವು ಅಷ್ಟು ಮುಂದುವರಿಯಲಿಲ್ಲವೆನ್ನಬೇಕು. ಈಗ 2022ರ ಜನವರಿಯಿಂದ ಜಾರಿಯಲ್ಲಿರುವ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯಂತೆ ಇಂತಹ ಚಿಕಿತ್ಸೆ ಕೊಡುವ ಕ್ಲಿನಿಕ್ಕುಗಳೂ ವೀರ್ಯ ಸಂಗ್ರಹಿಸುವ ಬ್ಯಾಂಕುಗಳೂ ಕಡ್ಡಾಯವಾಗಿ ನೋಂದಾಯಿಸಿಕೊಂಡಿರಬೇಕು. ಚಿಕಿತ್ಸೆಗೆ ಗಂಡಸಿನ ವಯಸ್ಸು 21ರಿಂದ 55, ಹೆಂಗಸಿನದು 21ರಿಂದ 50. ಹುಟ್ಟಿದ ಮಗು ಕಾನೂನಿನ ದೃಷ್ಟಿಯಲ್ಲಿ ದಂಪತಿಯ ಸ್ವಂತ ಮಗುವೇ, ದಾನಿಗೆ ಹಕ್ಕಿಲ್ಲ. ಹಣ ಕಟ್ಟುವ ಮೊದಲು ನೋಂದಣಿ ಪತ್ರವನ್ನು ನೋಡಲು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಲೈಂಗಿಕ ದೌರ್ಬಲ್ಯದ ವಿಷಯ ಬೇರೆಯೆಂದು ಮೊದಲೇ ಹೇಳಿದೆ. ಆದರೆ ಅದು ಅಲಕ್ಷಿಸತಕ್ಕದ್ದಲ್ಲ. ನಿಮಿರುವಿಕೆ ಕುಂದಿರುವ ಯುವಕನಿಗೆ ಬೆಳಗಿನ ಹೊತ್ತು ನಿದ್ದೆಯಲ್ಲಿ ಅದು ಸಹಜವಾಗಿಯೇ ಆಗುತ್ತಿದ್ದರೆ ಕಾರಣ ಬಹುಮಟ್ಟಿಗೆ ಮನಸ್ಸಿನ ಆತಂಕ, ದಣಿವು. ನಲವತ್ತು ದಾಟಿದವನಲ್ಲಿ ಕ್ರಮೇಣ ಕುಂದುತ್ತ ಬಂದಿದ್ದರೆ ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳನ್ನು ಪರೀಕ್ಷಿಸಲೇಬೇಕು. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಪೂರವಾದುವು. ಕೊಬ್ಬು ಕಟ್ಟಿಕೊಂಡಾಗ ತೊಂದರೆ ಮೊದಲು ತೋರುವುದು ಅಲ್ಲಿ, ಎದೆನೋವು ಬರುವುದು ಕೆಲವು ವರ್ಷಗಳ ಅನಂತರ. ನಾಚಿಕೆಯಿಂದ ಮುಚ್ಚಿಟ್ಟ ಲಕ್ಷಣ ಹ��ದಯಾಘಾತದ ಮುನ್ಸೂಚನೆಯಾಗಿರಬಹುದು. 1998ರಿಂದ ಬಳಕೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ಉಪಕಾರಿಯಾಗಿದೆ, ಆದರೆ ಎದೆನೋವಿಗೆ ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಜಾತಿಯ ಔಷಧಗಳನ್ನು ಸೇವಿಸುವವರು ಅದನ್ನು ಮುಟ್ಟಕೂಡದು. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು. ಅದರಿಂದ ವೀರ್ಯಾಣುಗಳ ಸಂಖ್ಯೆಯೇನೂ ಏರುವುದಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ವೀರ್ಯ ಹೊರಬರದೆ ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹೋಗುವುದೂ ಉಂಟು. ಸ್ಖಲನದ ಬಳಿಕ ಮೂತ್ರವನ್ನು ಪರೀಕ್ಷಿಸಿದರೆ ತಿಳಿಯುತ್ತದೆ. ಶೀಘ್ರಸ್ಖಲನ ಬಲು ಸಾಮಾನ್ಯ, ಚಿಕಿತ್ಸೆಗೆ ಬಗ್ಗುವಂಥದು.

ರೈಲಿನ ಡಬ್ಬಿಗಳಲ್ಲಿ, ಹಳಿಗಳ ಪಕ್ಕದ ಗೋಡೆಗಳ ಮೇಲೆ 'ಗುಪ್ತರೋಗ'ದ ಜಾಹೀರಾತು ನೋಡದ ಮುಂಬಯಿಗನಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ಇಂತಹ ಜಾಹೀರಾತುಗಳನ್ನು ನಿಷೇಧಿಸಿದೆ. ಗೋಡೆಗಳು ಕಾಯಿದೆಯನ್ನು ಓದುವುದಿಲ್ಲ. ಆ ಕಾಯಿದೆಯ ಅನುಸೂಚಿಯಲ್ಲಿ 'ಸ್ತ್ರೀಯರ ಬಂಜೆತನ' ಎಂಬ ನಮೂದಿದೆ, 'ಲೈಂಗಿಕ ನಪುಂಸಕತ್ವ' ಎಂಬ ನಮೂದಿದೆ. ಪುರುಷರ ಬಂಜೆತನವೆಂಬ ಮಾತು ಅಲ್ಲಿಯೂ ಇಲ್ಲದಿರುವುದು ಸ್ವಾರಸ್ಯದ ಸಂಗತಿ. ಆ ಗೋಡೆಯ ವೈದ್ಯರು ಮಾರುವ ಪುಡಿಗಳಲ್ಲಿ ಕೆಲವನ್ನು ಪರೀಕ್ಷಿಸಿದಾಗ ಸೀಸ, ಪಾದರಸಗಳೂ, ಹೇಳದೆ ಬೆರೆಸಿದ ಸಿಲ್ಡೆನಾಫಿಲ್ ಕೂಡ ಕಂಡುಬಂದದ್ದುಂಟು.

ತೋರಿಸಬೇಕಾದವರು ಮೂತ್ರಾಂಗ ತಜ್ಞರು, ಅವರಲ್ಲಿಯೂ ಪುರುಷರ ಬಂಜೆತನದಲ್ಲಿ ವಿಶೇಷ ತರಬೇತಿ ಪಡೆದ ಆಂಡ್ರಾಲಜಿಸ್ಟರು. ದೊಡ್ಡ ಸಾರ್ವಜನಿಕ ಆಸ್ಪತ್ರೆಗಳ ಮೂತ್ರಾಂಗ ವಿಭಾಗದಲ್ಲಿ ಆರಂಭದ ತಪಾಸಣೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಕ್ಯಾನ್ಸರಿಗೆ ಔಷಧ ಚಿಕಿತ್ಸೆ ಆರಂಭಿಸಲಿರುವ ಅವಿವಾಹಿತ ಯುವಕರು ಅದಕ್ಕೆ ಮೊದಲೇ ವೀರ್ಯವನ್ನು ಶೀತಲೀಕರಿಸಿ ಇಡುವ ಬಗ್ಗೆ ಕೇಳಬೇಕು. ಆಮೇಲೆ ಕೇಳಿ ಪ್ರಯೋಜನವಿಲ್ಲ. ಗಂಡು ಮಗುವಿನ ವೃಷಣ ಆರು ತಿಂಗಳಾದರೂ ಕೆಳಗಿಳಿಯದಿದ್ದರೆ ಒಂದೂವರೆ ವರ್ಷ ತುಂಬುವುದರೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಮೊದಲ ಭೇಟಿಗೆ ದಂಪತಿ ಇಬ್ಬರೂ ಹೋಗುವುದು ಒಳ್ಳೆಯದು. ಹೆಂಡತಿಯ ಹಳೆಯ ವರದಿಗಳನ್ನೂ, ನುಂಗುತ್ತಿರುವ ಎಲ್ಲ ಗುಳಿಗೆಗಳ ಚೀಟಿಗಳನ್ನೂ, ನಾಟಿ ಔಷಧವಿದ್ದರೆ ಅದನ್ನೂ ಕೊಂಡೊಯ್ಯಬೇಕು. ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಇಂತಹ ಮಾತುಗಳನ್ನು ಆಡಲು ನಾಲಗೆ ತಡವರಿಸುವವರು ಕನ್ನಡ ಅಥವಾ ತುಳು ಬಲ್ಲ ವೈದ್ಯರನ್ನು ಹುಡುಕಿಕೊಳ್ಳಬಹುದು. ಅದೂ ಆಗದಿದ್ದರೆ ಹೇಳಬೇಕಾದುದನ್ನು ಒಂದು ಕಾಗದದಲ್ಲಿ ಬರೆಸಿಕೊಂಡು ಹೋಗಿ ಮೇಜಿನ ಮೇಲಿಟ್ಟರೂ ಸಾಕು.